ಇದ್ದಿಲು ವ್ಯಾಪಾರಿಯ ಸಮಾಧಿಗಲ್ಲು

ಗಂಡ ಸಾಯಲು ತಯಾರಿ ನಡೆಸಿದ್ದಾನೆ ಎಂಬ ಸುದ್ದಿ ಫಿಲಿನ್ನಾಳಿಗೆ ಸಿಕ್ಕಿದ್ದು ನೀರಿನ ಕಟ್ಟೆಯಲ್ಲಿ. ಅಥೆನ್ಸಿನ ಕುಂಬಾರಕೇರಿಯಲ್ಲಿ ಹೆಂಗಸರಿಗೆ ಗೊತ್ತಾಗದ ಸುದ್ದಿಯಿಲ್ಲ. ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ರೂಢಿಯೂ ಇಲ್ಲ. ಪಕ್ಕದ ಮನೆಯ ಮೀಕಾ ಕಲ್ಲುಸಿಂಹದ ಬಾಯಿಂದ ಬೀಳುವ ನೀರಿಗೆ ಕೊಡ ಒಡ್ಡಿದ್ದಳು. ಅದು ತುಂಬುವವರೆಗೂ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾವತ್ತು ಅಂತ ಏನಾದ್ರೂ ಗೊತ್ತಾಯ್ತಾ ಅಕ್ಕ?"

"ಏನು ಯಾವತ್ತು?"

"ಅದೇ, ನಿಮ್ಮ ಯಜಮಾನ್ರು ಹೋಗೋದು."

"ಎಲ್ಲಿಗೆ ಹೋಗ್ತಾರಂತೆ?"

"ಕೆಳಗೆ, ಪಾತಾಳಕ್ಕೆ! ಅಯ್ಯೋ, ನಿಮಗೆ ಹೇಳೇ ಇಲ್ವಾ? ಕಲ್ಲುಕುಟಿಗ ಯೂಫ್ರೋನನ ಹತ್ರ ಸಮಾಧಿಗಲ್ಲು ಮಾಡಿಸ್ತಿದಾರಂತೆ, ಆಳೆತ್ತರದ್ದು. ನಮ್ಮೋರು ಕಣ್ಣಾರೆ ನೋಡ್ಕೊಂಡ್ ಬಂದಿದಾರೆ. ಪಾಪ, ಮೈಗೆ ಹುಷಾರಿಲ್ವೇನೋ ಅಂತ ನಾನು..."

"ಬೆಳಿಗ್ಗೆ ನಾಲ್ಕು ಜವೆಗೋಧಿ ರೊಟ್ಟಿ ತಿಂದು, ಐದನೇದು ಯಾಕಿಲ್ಲ ಅಂತ ಕೇಳಿ ಹೋದ್ರು" ಎಂದಳು ಫಿಲಿನ್ನಾ. "ಅಷ್ಟು ಹುಷಾರಾಗಿದಾರೆ."

ಹಾಗೆಂದು ನಕ್ಕಳೇನೋ ನಿಜ. ಆದರೆ ಕೊಡ ತಲೆಯ ಮೇಲೆ ಹೊತ್ತವಳು ಮನೆಯ ಕಡೆ ತಿರುಗಲಿಲ್ಲ, ಸೀದಾ ಊರಬಾಗಿಲಿನತ್ತ ನಡೆದಳು. ಅವಳಿಗೆ ಐವತ್ತು ದಾಟಿತ್ತು. ಆ ವಯಸ್ಸಿನ ಹೆಂಗಸು ಬೀದಿಯಲ್ಲಿ ಒಬ್ಬಳೇ ಓಡಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮುಪ್ಪು ಕೊಟ್ಟ ಕೆಲವೇ ಉಡುಗೊರೆಗಳಲ್ಲಿ ಇದೂ ಒಂದು ಎಂದು ಅವಳು ಆಗಾಗ ಹೇಳುವುದಿತ್ತು.

ಅವಳ ಗಂಡ ಕೈರಿಪ್ಪೊಸ್ ಮೂವತ್ತು ವರ್ಷ ಇದ್ದಿಲು ಮಾರಿದವನು. ಹೋದ ಚಳಿಗಾಲದಲ್ಲಿ ಅಂಗಡಿಯನ್ನೂ ಕತ್ತೆಗಳನ್ನೂ ಅಳಿಯನಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದ. ಉಗುರಿನ ಸಂದಿಯ ಕಪ್ಪು ಮಾತ್ರ ತೊಳೆದರೂ ಹೋಗಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ಹೊತ್ತು ಹೋಗದೆ ಸಂತೆಚೌಕದ ಬಣ್ಣದ ಚಾವಡಿಯಲ್ಲಿ ಹೋಗಿ ಕೂರತೊಡಗಿದ. ಅಲ್ಲಿ ಪ್ರತಿ ಕಂಬಕ್ಕೂ ಒಬ್ಬ ಜ್ಞಾನಿ ಒರಗಿರುತ್ತಿದ್ದ. ಕೈರಿಪ್ಪೊಸ್ ಸಿಕ್ಕಿಬಿದ್ದದ್ದು ರೋಡ್ಸ್ ದ್ವೀಪದಿಂದ ಬಂದ ತೆಲೇಸನ್ ಎಂಬವನ ಕಂಬಕ್ಕೆ. ನಮ್ಮ ಕೈಯಲ್ಲಿಲ್ಲದ್ದಕ್ಕೆ ಅಂಜಬಾರದು, ಅಳಲೂಬಾರದು. ಸಾವು ನಮ್ಮ ಕೈಯಲ್ಲಿಲ್ಲ, ಆದ್ದರಿಂದ ಸಾವಿಗೆ ಅಂಜುವವನು ಮೂರ್ಖ ಎಂಬುದು ತೆಲೇಸನನ ಪಾಠ. ಕೈರಿಪ್ಪೊಸ್ ಆ ಪಾಠವನ್ನು ಮನೆಗೂ ತಂದ. ಬೇಳೆ ಗಂಜಿ ಸೀದಾಗ ಹೇಳಿದ, ಛಾವಣಿ ಸೋರಿದಾಗ ಹೇಳಿದ. ಸೋರುವ ಛಾವಣಿ ನಿಮ್ಮ ಕೈಯಲ್ಲೇ ಇದೆ, ಏಣಿ ಹಿತ್ತಲಲ್ಲಿದೆ ಎಂದು ಫಿಲಿನ್ನಾ ಉತ್ತರ ಕೊಟ್ಟಿದ್ದಳು.

ಯೂಫ್ರೋನನ ಕಲ್ಲಂಗಳ ಊರಬಾಗಿಲಿನ ಆಚೆ, ಸಮಾಧಿಗಳ ಸಾಲು ಶುರುವಾಗುವಲ್ಲೇ ಇತ್ತು. ಅವನು ಕೈರಿಪ್ಪೊಸನ ದೂರದ ಸೋದರಳಿಯ. ಹುಬ್ಬು, ರೆಪ್ಪೆ, ಗಡ್ಡ ಎಲ್ಲದರ ಮೇಲೂ ಸದಾ ಬಿಳಿ ಪುಡಿ ಕೂತಿರುತ್ತಿದ್ದುದರಿಂದ ನಲವತ್ತಕ್ಕೇ ಅಜ್ಜನಂತೆ ಕಾಣುತ್ತಿದ್ದ. ಫಿಲಿನ್ನಾಳನ್ನು ಕಂಡದ್ದೇ ಒಂದು ಚಪ್ಪಡಿಯ ಮೇಲೆ ಗೋಣಿ ಎಳೆಯಲು ಹೋದ.

"ಎಳೀಬೇಡ. ನೋಡೋಕೇ ಬಂದಿದೀನಿ" ಎಂದಳು.

ಅಮೃತಶಿಲೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿತ್ತು. ಪೀಠದ ಮೇಲೆ ಒಬ್ಬ ಭವ್ಯ ಪುರುಷ ಕುಳಿತಿದ್ದ. ಸುರುಳಿ ಗಡ್ಡ, ಅಗಲ ಎದೆ, ಸೂಜಿಯಂತೆ ನೆಟ್ಟಗಿನ ಮೂಗು, ಕೈಯಲ್ಲಿ ಓದುವ ಸುರುಳಿ. ಎದುರಿಗೆ ತಲೆಗೆ ಮುಸುಕು ಹೊದ್ದು, ಗದ್ದಕ್ಕೆ ಕೈಯಿಟ್ಟು ಅಳುತ್ತ ನಿಂತ ಒಬ್ಬ ಹೆಂಗಸು.

"ಯಾರೋ ಇವರು?"

"ಮಾವ, ಅತ್ತೆ."

"ಯಾವ ಮಾವ?"

"ಕೈರಿಪ್ಪೊಸ್ ಮಾವ. ಅವರೇ ಹೀಗೆ ಬೇಕು ಅಂದ್ರು. ಮೂಗು ನೆಟ್ಟಗೆ ಮಾಡು ಅಂದ್ರು. ನಾನೇನು ಮಾಡ್ಲಿ?"

ಕೈರಿಪ್ಪೊಸನ ಮೂಗನ್ನು ಮದುವೆಯ ಹೊಸತರಲ್ಲೇ ಒಂದು ಕತ್ತೆ ಒದ್ದು ಎಡಕ್ಕೆ ವಾಲಿಸಿತ್ತು. ಮೂವತ್ತನಾಲ್ಕು ವರ್ಷದಿಂದ ಫಿಲಿನ್ನಾ ನೋಡುತ್ತಿದ್ದದ್ದು ಆ ವಾಲಿದ ಮೂಗನ್ನೇ.

"ಓಹೋ. ಆ ಸುರುಳಿ ಯಾಕೆ? ಅಂಗಡಿ ಹಲಗೆ ಮೇಲೆ ತನ್ನ ಹೆಸರು ಓದೋಕೇ ಅರ್ಧ ಬೆಳಗಾಗುತ್ತೆ ಅವರಿಗೆ. ಇದ್ದಿಲು ಚೀಲ ಎಲ್ಲೋ?"

ಯೂಫ್ರೋನ್ ಉಳಿಯ ಮೊನೆ ನೋಡಿಕೊಂಡ.

"ಮತ್ತೆ ನಾನ್ಯಾಕೆ ಅಳ್ತಿದೀನಿ?"

"ಅಲ್ಲ ಅತ್ತೆ... ಮಾವ ತೀರ್ಕೊಂಡಿರ್ತಾರಲ್ಲ."

"ನನ್ನನ್ನ ಕೇಳಿದ್ರಾ? ನಾನು ಅಳಬಹುದು, ಅಳದೇನೂ ಇರಬಹುದು. ನಾನಿನ್ನೂ ತೀರ್ಮಾನ ಮಾಡಿಲ್ಲ."

ಯೂಫ್ರೋನ್ ಜೋರಾಗಿ ನಕ್ಕ. ಗಡ್ಡದಿಂದ ಪುಡಿ ಉದುರಿತು. ಫಿಲಿನ್ನಾಳೂ ನಕ್ಕಳು. ಕೊಡ ಇಳಿಸಿ, ಅಲ್ಲೇ ಬಿದ್ದಿದ್ದ ಒಂದು ಕಲ್ಲಿನ ಮೇಲೆ ಕುಳಿತಳು. ಗಂಡ ಸಾವಿನ ವಿಷಯ ಯೋಚಿಸಿದ್ದು ಅವಳಿಗೆ ತಪ್ಪೆನ್ನಿಸಲಿಲ್ಲ. ಅರವತ್ತರ ಹತ್ತಿರ ಬಂದವರೆಲ್ಲ ಯೋಚಿಸುತ್ತಾರೆ. ಆದರೆ ಅವನು ತನ್ನ ಪಾಲಿಗೆ ಪೀಠ ಹಾಕಿಕೊಂಡು, ನೆಟ್ಟಗಿನ ಮೂಗು ಇಟ್ಟುಕೊಂಡು, ಅಳುವ ಕೆಲಸವನ್ನೆಲ್ಲ ಇವಳಿಗೆ ವಹಿಸಿಬಿಟ್ಟಿದ್ದನಲ್ಲ. ಒಂದು ಮಾತೂ ಕೇಳದೆ.

ಮನೆಗೆ ಬಂದವಳು ಏನೂ ಗೊತ್ತಿಲ್ಲದವಳಂತೆ ಇದ್ದಳು. ಎರಡು ದಿನ ಕಾದಳು. ಮೂರನೆಯ ದಿನ ಕೈರಿಪ್ಪೊಸ್ ಗುರುಗಳನ್ನು ಊಟಕ್ಕೆ ಕರೆದ.

ಗುರು ತೆಲೇಸನ್ ಬರಿಗಾಲಲ್ಲಿ ಬಂದ. ಆಸೆಯನ್ನು ಗೆದ್ದವನಿಗೆ ಚಪ್ಪಲಿ ಬೇಡವಂತೆ. ಆದರೆ ಈರುಳ್ಳಿ, ಜೇನು ಹಾಕಿ ಸುಟ್ಟ ಹಾವುಮೀನು ಬೇಡವೆಂದು ಅವನು ಹೇಳಲಿಲ್ಲ. ಮೂರು ಸಲ ಹಾಕಿಸಿಕೊಂಡ. ಗಂಡಸರು ಮುಂಗೋಣೆಯಲ್ಲಿ ಮಂಚಗಳ ಮೇಲೆ ಒರಗಿದ್ದರು, ಫಿಲಿನ್ನಾ ಒಲೆಯ ಹತ್ತಿರ ಇದ್ದಳು. ನಡುವೆ ಒಂದು ಪರದೆ. ಅದು ನೋಟವನ್ನು ತಡೆಯುತ್ತಿತ್ತು, ಮಾತನ್ನಲ್ಲ.

ದೇವರಿಗೆ ದ್ರಾಕ್ಷಾರಸದ ಹನಿ ಎರೆದಾದ ಮೇಲೆ ತೆಲೇಸನ್ ಗಂಟಲು ಸರಿ ಮಾಡಿಕೊಂಡ. "ಕಲ್ಲಿನ ಮೇಲೆ ಕೊರೆಯೋಕೆ ಪದ್ಯ ಸಿದ್ಧವಾಗಿದೆ ಕೈರಿಪ್ಪೊಸ್. ಕೇಳು."

ನಿಲ್ಲು ದಾರಿಹೋಕನೆ, ಸಾವಿಗಂಜದ ಧೀರ ಕೈರಿಪ್ಪೊಸನಿಲ್ಲಿಹನು;
ಮಡದಿ ಸುರಿಸಿದ ಕಣ್ಣ ನೀರಿಗೆ ಕಲ್ಲೆ ಕರಗಿದೆ ನೋಡು ನೀನು.

"ಆಹಾ!" ಎಂದ ಕೈರಿಪ್ಪೊಸ್.

"ಕಲ್ಲೇ ಕರಗಿದ್ಮೇಲೆ ಅಕ್ಷರ ಎಲ್ಲಿ ಉಳೀತವೆ ಗುರುಗಳೇ?" ಎಂದು ಪರದೆಯ ಆಚೆಯಿಂದ ಫಿಲಿನ್ನಾಳ ದನಿ ಬಂತು.



"ಅದು ಅಲಂಕಾರ ತಾಯಿ" ಎಂದ ತೆಲೇಸನ್.

"ಹೌದಾ. ಇನ್ನೊಂದು ಕೇಳ್ಲಾ? ಕೈಯಲ್ಲಿಲ್ಲದ್ದಕ್ಕೆ ಅಳಬಾರದು ಅಂತ ನೀವೇ ಹೇಳಿದ್ದಲ್ವಾ? ಮತ್ತೆ ನನ್ನನ್ನ ಯಾಕೆ ಅಳಿಸ್ತಿದೀರಿ? ಇವರು ಧೀರರಾಗೋಕೆ ನಾನು ಮೂರ್ಖಳಾಗಬೇಕಾ?"

ತೆಲೇಸನ್ ತಟ್ಟೆಯಲ್ಲಿ ಉಳಿದಿದ್ದ ಹಾವುಮೀನಿನ ತುಂಡನ್ನು ಬಾಯಿಗೆ ಹಾಕಿಕೊಂಡ. ಅವನು ಹೋದ ಮೇಲೆ ಕೈರಿಪ್ಪೊಸ್ ಒಲೆಯ ಹತ್ತಿರ ಬಂದು ನಿಂತ. ಮುಖ ಕೆಂಪಾಗಿತ್ತು.

"ಗುರುಗಳ ಮುಂದೆ ಮಾನ ತೆಗೆದೆಯಲ್ಲೇ."

"ನೀವು ಊರಿನ ಮುಂದೆ ನನ್ನನ್ನ ಅಳ್ತಾ ನಿಲ್ಲಿಸೋಕೆ ಹೊರಟಿದೀರಲ್ರೀ. ಅದೂ ಕಲ್ಲಿನಲ್ಲಿ. ಕಣ್ಣೊರೆಸಿಕೊಳ್ಳೋಕೂ ಆಗಲ್ಲ."

"ಗೊತ್ತಾಗಿಬಿಡ್ತಾ ನಿನಗೆ?"

"ನೀರಿನ ಕಟ್ಟೆಗೆಲ್ಲ ಗೊತ್ತು. ನಮ್ಮ ಮನೆಗೇ ಕೊನೇಲಿ ಬಂತು ಸುದ್ದಿ."

ಕೈರಿಪ್ಪೊಸ್ ಒಲೆಯ ಕೆಂಡವನ್ನು ಸುಮ್ಮನೆ ಕೆದಕಿದ. ಕಡೆಗೆ, "ಅಳಲ್ವೇನೇ ನೀನು?" ಎಂದ. ಜ್ಞಾನಿಯ ದನಿಯಲ್ಲ, ಅಂಗಡಿಯ ಕಾಲದ ಹಳೆಯ ದನಿ.

"ನೋಡೋಣ" ಎಂದಳು ಫಿಲಿನ್ನಾ. "ಅವತ್ತಿನ ಕೆಲಸ ಬೊಗಸೆ ನೋಡ್ಕೊಂಡು."

ಬೇಸಿಗೆ ಮುಗಿಯುತ್ತ ಬಂದಾಗ ಜ್ವರ ಬಂತು. ಬಂದದ್ದು ಸಾವಿಗೆ ತಯಾರಾಗಿ ಕೂತಿದ್ದ ಕೈರಿಪ್ಪೊಸನಿಗಲ್ಲ, ಫಿಲಿನ್ನಾಳಿಗೆ. ಮೊದಲ ದಿನ ಮೈ ಬೆಚ್ಚಗಾಯಿತು, ಎರಡನೆಯ ದಿನ ಉಣ್ಣೆ ನೂಲುವ ಕದಿರು ಕೈಯಿಂದ ಜಾರಿ ಬಿತ್ತು, ಮೂರನೆಯ ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ವೈದ್ಯ ಬಂದು ಮೂತ್ರ ನೋಡಿ, ನಾಲಗೆ ನೋಡಿ, ಜವೆಗೋಧಿಯ ತಿಳಿಗಂಜಿ ಬಿಟ್ಟು ಬೇರೇನೂ ಕೊಡಬೇಡಿ, ಏಳನೆಯ ದಿನ ದಾಟಲಿ ಎಂದು ಹೇಳಿ ಹೋದ. ಮಗಳು ಪಿರೇಯಸ್ ಬಂದರಿನಲ್ಲಿದ್ದಳು. ಹೊಸ ಬಾಣಂತಿ, ಬರುವ ಹಾಗಿರಲಿಲ್ಲ.

ಫಿಲಿನ್ನಾಳಿಗೆ ಆ ದಿನಗಳು ತುಂಡುತುಂಡಾಗಿ ನೆನಪು. ತೊಲೆಯ ಮೇಲೆ ಓಡುತ್ತಿದ್ದ ಹಲ್ಲಿ. ಹಣೆಯ ಮೇಲೆ ಒದ್ದೆ ಬಟ್ಟೆ. ಅದನ್ನು ಹಾಕುತ್ತಿದ್ದ, ಉಗುರಿನಲ್ಲಿ ಕಪ್ಪು ಉಳಿದ ಒರಟು ಬೆರಳು. ಕೈರಿಪ್ಪೊಸ್ ಚಾವಡಿಗೆ ಹೋಗುವುದನ್ನು ಬಿಟ್ಟಿದ್ದ. ತಾನೇ ಒಲೆ ಹಚ್ಚಿ ಗಂಜಿ ಕಾಯಿಸುತ್ತಿದ್ದ. ಮೂವತ್ತು ವರ್ಷ ಇದ್ದಿಲು ಮಾರಿದವನ ಬೆಂಕಿ, ಅದಕ್ಕೆ ಹೆಸರಿಡುವ ಹಾಗಿರಲಿಲ್ಲ. ಹೊಗೆಯಿಲ್ಲ, ಕಿಡಿಯಿಲ್ಲ, ಹದವಾದ ಕಾವು. ಗಂಜಿ ಮಾತ್ರ ಗೋಡೆಗೆ ಬಳಿಯುವ ಗಾರೆಯಂತಿತ್ತು. ಅವನು ಚಮಚ ಹಿಡಿದು ಬಾಯಿಯ ಹತ್ತಿರ ತಂದಾಗ ಅವಳು ನುಂಗಿದಳು. ಅದೂ ಒಂದು ಧೈರ್ಯವೇ.

ಐದನೆಯ ದಿನ ಮಧ್ಯಾಹ್ನ ತೆಲೇಸನ್ ಬಂದ. ಶಿಷ್ಯ ಎಲ್ಲೂ ಕಾಣದೆ ಹುಡುಕಿಕೊಂಡು ಬಂದಿದ್ದ. ಫಿಲಿನ್ನಾ ಕಣ್ಣು ಮುಚ್ಚಿ ಮಲಗಿದ್ದಳು. ಎಚ್ಚರವಿತ್ತು.

"ಇದು ನಿನ್ನ ಪರೀಕ್ಷೆಯ ಕಾಲ ಕೈರಿಪ್ಪೊಸ್" ಎಂದ ಗುರು. "ಅವಳ ಉಸಿರು ನಿನ್ನ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ..."

"ಗುರುಗಳೇ, ಅದು ನನ್ನ ಸಾವಿನ ಪಾಠ" ಎಂದ ಕೈರಿಪ್ಪೊಸ್. "ಅದನ್ನ ಚೆನ್ನಾಗಿ ಕಲಿತಿದೀನಿ. ಇವತ್ತು ಬೇಕಾದ್ರೂ ಒಪ್ಪಿಸ್ತೀನಿ. ಇದು ಅವಳದ್ದು. ಇದಕ್ಕೆ ಬೇರೆ ಪಾಠ ಇದ್ರೆ ಹೇಳಿ."

"ಪಾಠ ಎಲ್ಲದಕ್ಕೂ ಒಂದೇ ಅಪ್ಪ."

"ಹಾಗಿದ್ರೆ ಎದ್ದು ಹೋಗಿ. ಗಂಜಿ ತಳ ಹಿಡೀತಿದೆ."

ಬರಿಗಾಲಿನ ಸದ್ದು ಹೊಸ್ತಿಲು ದಾಟಿ ಹೋಯಿತು. ಆಮೇಲೆ ಫಿಲಿನ್ನಾಳಿಗೆ ಮೂಗು ಸೀಟುವ ಸದ್ದು ಕೇಳಿಸಿತು, ಮತ್ತೆ ಮತ್ತೆ. ವಾಲಿದ ಮೂಗಾದ್ದರಿಂದ ಅದು ಸೀಟಿಯಂತೆ ಊದುತ್ತಿತ್ತು. ಅವಳಿಗೆ ನಗು ಬಂತು, ನಗಲು ತ್ರಾಣವಿರಲಿಲ್ಲ.

ಅದೇ ಸಂಜೆ ಯೂಫ್ರೋನ್ ಬಂದ. ಅತ್ತೆಗೆಂದು ಹಿಮೆಟ್ಟಸ್ ಬೆಟ್ಟದ ಜೇನು ತಂದಿದ್ದ. ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕಾಲು ಬದಲಿಸಿ, ತಗ್ಗಿದ ದನಿಯಲ್ಲಿ ಶುರು ಮಾಡಿದ.

"ಮಾವ, ತಪ್ಪು ತಿಳ್ಕೋಬೇಡಿ. ಕಲ್ಲಿನ ಕೆಲಸ ಹಾಗೇ ನಿಂತಿದೆ. ತೀರ್ಕೊಂಡೋರನ್ನ ಕೂರಿಸೋದು, ಉಳಿದೋರನ್ನ ನಿಲ್ಲಿಸೋದು ನಮ್ಮ ಪದ್ಧತಿ. ಅಕಸ್ಮಾತ್... ಹಾಗಾಗೋದು ಬೇಡ, ದೇವರಾಣೆ... ಅಕಸ್ಮಾತ್ ಏನಾದ್ರೂ... ಆಗ ಕೂರಿಸೋದು ಯಾರನ್ನ?"

ಕೈರಿಪ್ಪೊಸ್ ಕೈಗೆ ಸಿಕ್ಕಿದ್ದನ್ನು ಎಸೆದ. ಸಿಕ್ಕಿದ್ದು ಗಂಜಿಯ ಚಟ್ಟಿ. ಅದು ಬಾಗಿಲ ಚೌಕಟ್ಟಿಗೆ ಬಡಿದು ಒಡೆಯಿತು. ಗಂಜಿ ಒಡೆಯಲಿಲ್ಲ, ಒಂದೇ ಮುದ್ದೆಯಾಗಿ ಚೌಕಟ್ಟಿಗೆ ಅಂಟಿಕೊಂಡಿತು.

"ನನ್ನನ್ನ ಕೂರಿಸೋ" ಎಂದು ಮಂಚದಿಂದ ಸಣ್ಣ ದನಿ ಬಂತು. "ಮೂವತ್ತನಾಲ್ಕು ವರ್ಷದಿಂದ ನಿಂತೇ ಇದೀನಿ. ಕಾಲು ನೋಯ್ತದೆ."

ಇಬ್ಬರು ಗಂಡಸರೂ ನಿಂತಲ್ಲೇ ಕಲ್ಲಾದರು. ಆಮೇಲೆ ಕೈರಿಪ್ಪೊಸ್ ಮಂಚದ ಹತ್ತಿರ ಓಡಿಬಂದು ಅವಳ ಹಣೆ ಮುಟ್ಟಿ ನೋಡಿದ. ಹಣೆ ಬೆವರಿತ್ತು. ಜ್ವರ ಇಳಿಯುತ್ತಿತ್ತು.

"ಅಳ್ತಿದೀರಾ?" ಎಂದಳು ಫಿಲಿನ್ನಾ.

"ಹೊಗೆ" ಎಂದ ಕೈರಿಪ್ಪೊಸ್.

"ನಿಮ್ಮ ಒಲೇಲಿ ಹೊಗೆ? ಇದ್ದಿಲಿನೋರ ಮಾನ ಹೋಯ್ತು ಬಿಡಿ."

ಚೇತರಿಸಿಕೊಳ್ಳಲು ದ್ರಾಕ್ಷಿ ಕೊಯ್ಲು ಮುಗಿಯುವವರೆಗೂ ಹಿಡಿಯಿತು. ಕಾಲು ಗಟ್ಟಿಯಾದ ಮೇಲೆ ಇಬ್ಬರೂ ಜೊತೆಯಾಗಿ ಕಲ್ಲಂಗಳಕ್ಕೆ ಹೋದರು. ಯೂಫ್ರೋನ್ ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಇದ್ದಿಲು ಕೈಗೆತ್ತಿಕೊಂಡ.

"ಅತ್ತೆ ಕೂತಿರ್ತಾರೆ, ಮಾವ ನಿಂತಿರ್ತಾರೆ. ಕೈ ಕೈ ಹಿಡ್ಕೊಂಡಿರ್ತೀರಿ. ಸರಿನಾ?"

"ನೋಡಿದೋರು ಇವಳು ಸತ್ತಳು ಅಂದ್ಕೋತಾರೆ" ಎಂದ ಕೈರಿಪ್ಪೊಸ್.

"ಅಂದ್ಕೊಳ್ಳಲಿ ಬಿಡ್ರೀ. ಅವರಂದುಕೊಳ್ಳೋದು ನಿಮ್ಮ ಕೈಯಲ್ಲಿದೆಯಾ?"

ಅವನು ವಾಲಿದ ಮೂಗನ್ನು ಉಜ್ಜಿಕೊಂಡ.

"ಯಾರೂ ಅಳೋದು ಬೇಡ" ಎಂದಳು ಅವಳು. "ಸುರುಳಿ ತೆಗಿ. ಮೂಗು ಹೇಗಿದೆಯೋ ಹಾಗೇ ಬರಲಿ."

"ಮೂಗೂ ಬಿಡಲ್ವಾ!"

"ನಾಳೆ ಪಾತಾಳದಲ್ಲಿ ನಿಮ್ಮನ್ನ ಹುಡುಕಬೇಕಾದೋಳು ನಾನು. ಅಷ್ಟೊಂದು ಜನರ ಮಧ್ಯೆ ನೆಟ್ಟಗಿನ ಮೂಗು ಇಟ್ಕೊಂಡು ನಿಂತರೆ ಗುರುತು ಹಿಡಿಯೋದು ಹೇಗೆ?"

ಪದ್ಯದ ವಿಷಯಕ್ಕೆ ಸ್ವಲ್ಪ ಜಗಳವಾಯಿತು. ತೆಲೇಸನ್ ಅಷ್ಟರಲ್ಲಿ ಕೊರಿಂಥಿಗೆ ಹೊರಟುಹೋಗಿದ್ದ. ಅಲ್ಲಿ ಶಿಷ್ಯರೂ ಹೆಚ್ಚಂತೆ, ಮೀನೂ ಅಗ್ಗವಂತೆ. ಬರಿ ಹೆಸರು ಸಾಕು ಎಂದು ಫಿಲಿನ್ನಾ, ಒಂದು ಸಾಲಾದರೂ ಬೇಕು ಎಂದು ಕೈರಿಪ್ಪೊಸ್. ಕೊನೆಗೆ ಅವಳೇ ಹೇಳಿದಳು. "ಬರ್ಕೋ ಯೂಫ್ರೋನ. ಕೈರಿಪ್ಪೊಸ್ ಮತ್ತು ಫಿಲಿನ್ನಾ. ಇಷ್ಟು ವರ್ಷ ಮಾತಾಡಿಕೊಂಡಿದ್ದರು."

"ಇಷ್ಟು ಅಂದ್ರೆ ಎಷ್ಟು ಅತ್ತೆ? ಸಂಖ್ಯೆ ಹಾಕಬೇಕಲ್ಲ."

"ಜಾಗ ಬಿಟ್ಟಿರು. ಮಾತು ಇನ್ನೂ ಮುಗಿದಿಲ್ಲ."

ಯೂಫ್ರೋನ್ ಚಳಿಗಾಲವಿಡೀ ಆ ಕಲ್ಲಿನ ಮೇಲೆ ಕೆಲಸ ಮಾಡಿದ. ಬೇರೆ ಕೆಲಸಗಳನ್ನು ಬದಿಗಿಟ್ಟ. ಆಗಾಗ ಸುಳ್ಳು ನೆಪ ಹೇಳಿಕೊಂಡು ಮನೆಗೆ ಬಂದು, ಅತ್ತೆ ಮಾವ ಜಗಳವಾಡುವುದನ್ನು ನೋಡುತ್ತ ಕೂತು ಹೋಗುತ್ತಿದ್ದ. ವಸಂತದಲ್ಲಿ, ಕೆಲಸ ಇನ್ನೇನು ಮುಗಿಯಿತು ಎನ್ನುವಾಗ, ಊರನ್ನು ಆಳುವವರು ಹೊಸ ಕಾನೂನು ತಂದರು. ಸಮಾಧಿಗಳ ಮೇಲಿನ ಆಡಂಬರ ಅತಿಯಾಯಿತು; ಇನ್ನು ಮೇಲೆ ಕೆತ್ತಿದ ಚಿತ್ರವಿರುವ ಕಲ್ಲು ನಿಲ್ಲಿಸುವಂತಿಲ್ಲ, ಬಡವನಿರಲಿ ಬಲ್ಲಿದನಿರಲಿ ಮೊಣಕಾಲೆತ್ತರದ ಒಂದು ಮೋಟು ಕಂಬ, ಅದರ ಮೇಲೊಂದು ಹೆಸರು, ಅಷ್ಟೇ. ಡಂಗುರದವನು ಇದನ್ನು ಸಂತೆಚೌಕದಲ್ಲಿ ಸಾರಿದಾಗ ಕಲ್ಲುಕುಟಿಗರು ಸತ್ತವರಂತೆ ನಿಂತು ಕೇಳಿದರು.

ಮಾರನೆಯ ಬೆಳಿಗ್ಗೆ ಕೈರಿಪ್ಪೊಸ್, ಫಿಲಿನ್ನಾ ಕಲ್ಲಂಗಳಕ್ಕೆ ಹೋದಾಗ ಯೂಫ್ರೋನ್ ಕೈಕಟ್ಟಿಕೊಂಡು ಕೂತಿದ್ದ. ಗಡ್ಡದ ಮೇಲೆ ಪುಡಿ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಕರಿ ಗಡ್ಡ ಕಾಣಿಸಿತು.

"ಒಳಗೆ ನಿಂತಿದೆ. ನೋಡಿ" ಎಂದ.

ಫಿಲಿನ್ನಾ ನೋಡಿದಳು. ಕಲ್ಲಿನ ಹೆಂಗಸು ಕುರ್ಚಿಯಲ್ಲಿ ಆರಾಮವಾಗಿ ಕೂತು, ಏನೋ ಒಂದು ಮಾತು ಆಡಿ ಮುಗಿಸಿದವಳಂತೆ ತುಟಿಯ ಒಂದು ಕೊನೆಯನ್ನು ಮಾತ್ರ ಎತ್ತಿದ್ದಳು. ಎದುರಿಗೆ ನಿಂತ ಗಂಡಸು ಉತ್ತರ ಹುಡುಕುತ್ತಿದ್ದ. ಅವನ ಮೂಗು ಎಡಕ್ಕೆ ವಾಲಿತ್ತು. ಆ ವಾಲಿದ ಮೂಗನ್ನು ಯೂಫ್ರೋನ್ ದೇವರ ಮೂಗಿಗೂ ತೋರಿಸದ ಅಕ್ಕರೆಯಿಂದ ಕಡೆದಿದ್ದ. ಕೈಗಳು ಒಂದರೊಳಗೊಂದು ಸೇರಿದ್ದವು. ಗಂಡಸಿನ ಉಗುರಿನ ಅಂಚಿಗೆ ಒಂದೊಂದು ಎಳೆ ಕಪ್ಪು ಬಣ್ಣ ಹಚ್ಚಿತ್ತು.

ಕೈರಿಪ್ಪೊಸ್ ತನ್ನ ಉಗುರುಗಳನ್ನು ನೋಡಿಕೊಂಡ.

"ಇನ್ಮೇಲೆ ಕಂಬ ಕಡೀಬೇಕಂತೆ" ಎಂದ ಯೂಫ್ರೋನ್. "ಗುಂಡಗೆ. ಸೌತೆಕಾಯಿ ಥರ. ಇದನ್ನ ಸಮಾಧಿ ಮೇಲೆ ನಿಲ್ಲಿಸೋ ಹಾಗಿಲ್ಲ, ಇಲ್ಲಿಟ್ಕೊಂಡ್ರೆ ಅಧಿಕಾರಿಗಳು ಒಡೆಸ್ತಾರೋ ಏನೋ. ನನ್ನ ಕೈಯಾರೆ ಒಡೆಯೋಕಂತೂ ಆಗಲ್ಲ ಮಾವ."

ಫಿಲಿನ್ನಾ ಅವನ ಹತ್ತಿರ ಹೋಗಿ, ಪುಡಿಯಿಲ್ಲದ ತಲೆಯ ಮೇಲೆ ಕೈಯಿಟ್ಟಳು. ಕಣ್ಣು ತುಂಬಿ ಬಂತು. ಕೈರಿಪ್ಪೊಸ್ ಅದನ್ನು ನೋಡಿದ. ಹೆಂಡತಿಯ ಮೇಲೆ ಸೇಡು ತೀರಿಸಿಕೊಳ್ಳಲು ಅಂಥ ಅವಕಾಶ ಅವನಿಗೆ ಮತ್ತೆ ಸಿಗುವಂಥದ್ದಲ್ಲ. ಆದರೂ ಅದನ್ನು ಬಿಟ್ಟುಕೊಟ್ಟ. ಆಮೇಲೆ ಹೇಳಿದ, "ಸಮಾಧಿ ಮೇಲೆ ತಾನೇ ನಿಲ್ಲಿಸಬಾರದು? ಮನೇಲಿ ನಿಲ್ಲಿಸಬಾರದು ಅಂತ ಡಂಗುರದೋನು ಹೇಳಿದ್ದು ನಾನಂತೂ ಕೇಳಿಸ್ಕೊಳ್ಳಲಿಲ್ಲ."

ಅಳಿಯನ ಇದ್ದಿಲಿನ ಗಾಡಿ ತರಿಸಿದರು. ಹುಲ್ಲು ಹಾಸಿ, ಕಲ್ಲನ್ನು ಮಲಗಿಸಿ, ಮೇಲೆ ಇದ್ದಿಲು ಚೀಲ ಮುಚ್ಚಿ, ಊರಬಾಗಿಲಿನ ಕಾವಲಿನವರಿಗೆ ನಮಸ್ಕಾರ ಹೇಳಿ ಒಳಗೆ ತಂದರು. ಸಮಾಧಿಗಲ್ಲುಗಳು ಊರಿನಿಂದ ಹೊರಗೆ ಹೋಗುವುದುಂಟು, ಹೊರಗಿನಿಂದ ಊರೊಳಗೆ ಬಂದದ್ದು ಇದೇ ಮೊದಲಿರಬೇಕು. ಎಲ್ಲಿ ನಿಲ್ಲಿಸುವುದು ಎಂಬುದರ ಮೇಲೆ ಅರ್ಧ ದಿನ ಚರ್ಚೆಯಾಯಿತು. ಬಾಗಿಲಿಗೆ ಎದುರಾಗಿ ಬೇಕು, ಬಂದವರು ನೋಡಲಿ ಎಂದು ಕೈರಿಪ್ಪೊಸ್. ಬಂದವರು ಹೆದರಿ ಓಡುತ್ತಾರೆ ಎಂದು ಫಿಲಿನ್ನಾ. ಕಡೆಗೆ ಅಂಗಳದಲ್ಲಿ, ಅಂಜೂರದ ಮರದ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದರು. ಸುದ್ದಿ ಕೇಳಿ ಬಂದ ಮೀಕಾ ಬಹಳ ಹೊತ್ತು ನೋಡಿ, ನೀವಿಬ್ಬರೂ ಇಷ್ಟು ಚೆನ್ನಾಗಿರೋದು ನಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿ ಹೋದಳು.

ಆ ಬೇಸಿಗೆ ಸೆಕೆ ಜಾಸ್ತಿ. ಮಧ್ಯಾಹ್ನದ ಹೊತ್ತು ಫಿಲಿನ್ನಾ ಉಣ್ಣೆಯ ಬುಟ್ಟಿ ಹಿಡಿದು ಬಂದು, ನೆಲದ ಮೇಲೆ ಕಾಲು ಚಾಚಿ, ಆ ಕಲ್ಲಿಗೆ ಬೆನ್ನು ಕೊಟ್ಟು ಕೂರತೊಡಗಿದಳು. ಅಮೃತಶಿಲೆ ತಣ್ಣಗಿರುತ್ತಿತ್ತು.

"ನನ್ನ ಕಾಲಿಗೆ ಒರಗಿದೀಯಲ್ಲೇ" ಎಂದ ಕೈರಿಪ್ಪೊಸ್, ಅಂಜೂರದ ನೆರಳಿನಿಂದ.

"ನಿಮಗೆ ಭಾರ ಆಗ್ತಿದೆಯಾ?"

"ಇಲ್ಲ."

"ಹಾಗಿದ್ರೆ ಸುಮ್ನಿರಿ. ಅಥವಾ ನೀವೂ ಬನ್ನಿ, ಈ ಕಡೆ ಜಾಗ ಇದೆ."

ಅವನು ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಬಂದು ಅವಳ ಪಕ್ಕದಲ್ಲಿ ಕೂತ.